ಹನ್ನೊಂದು ಸಲ ‘ಗೊತ್ತಿಲ್ಲ’ ಎಂದವಳು

ಆಸ್ಪತ್ರೆಯ ಮುಖ್ಯ ಅಧೀಕ್ಷಕರ ಕುರ್ಚಿಯಲ್ಲಿರುವ ಮಾನ್ಯರೇ,

ನಿಮ್ಮ ಸ್ಮರಣಶಕ್ತಿ ಪರೀಕ್ಷಾ ಕೊಠಡಿಯವರು ಸೆಪ್ಟೆಂಬರ್ ತಿಂಗಳಲ್ಲಿ ಕೊಟ್ಟ ಪ್ರಮಾಣಪತ್ರದ ಪ್ರಕಾರ ಈ ಪತ್ರವನ್ನು ನಾನು ಬರೆಯಲಾರೆ. ‘ಸುಸಂಬದ್ಧವಾಗಿ ವಿಚಾರ ಮಂಡಿಸುವ ಸಾಮರ್ಥ್ಯ ಕುಂದಿದೆ’ ಎಂದು ಅದರ ನಾಲ್ಕನೇ ಸಾಲಿನಲ್ಲಿದೆ. ಆದ್ದರಿಂದ ಇದರಲ್ಲಿ ಎಲ್ಲಾದರೂ ಸುಸಂಬದ್ಧ ವಿಚಾರ ಕಂಡುಬಂದರೆ ಅದನ್ನು ಪ್ರಮಾಣಪತ್ರದ ಉಲ್ಲಂಘನೆ ಎಂದು ತಿಳಿದು ಕ್ಷಮಿಸಬೇಕು.

ನನ್ನ ದೂರು ಇಷ್ಟು. ನನಗೆ ಮರೆವಿನ ಕಾಯಿಲೆ ಎಂದು ನೀವು ಬರೆದಿದ್ದೀರಿ. ನನಗಿರುವುದು ಅದಲ್ಲ, ಬೇರೆ. ಆ ಬೇರೆಯದರ ಬಗ್ಗೆ ನಿಮ್ಮ ನಮೂನೆಯಲ್ಲಿ ಒಂದು ಪ್ರಶ್ನೆಯೂ ಇಲ್ಲ. ಬರುವ ತಿಂಗಳ ಒಂದನೇ ತಾರೀಕು ಬೆಳಿಗ್ಗೆ ಹತ್ತಕ್ಕೆ ನಿಮ್ಮ ವ್ಯಾನು ಬಂದು ನನ್ನನ್ನು ದೀರ್ಘವಾಸ ವಿಭಾಗಕ್ಕೆ ಒಯ್ಯುತ್ತದೆ. ಆ ವಿಭಾಗದ ಬಾಗಿಲು ಒಳಗಿನಿಂದ ತೆಗೆಯಲು ಬರುವುದಿಲ್ಲ. ಅಲ್ಲಿಗೆ ಹೋಗಿ ಮನೆಗೆ ವಾಪಸಾದವರನ್ನು ನಾನು ಕಂಡಿಲ್ಲ. ಆ ದಿನಕ್ಕೆ ಮುಂಚೆ ನನ್ನನ್ನು ಇನ್ನೊಮ್ಮೆ ಪರೀಕ್ಷೆ ಮಾಡಬೇಕು. ಪುರುಸೊತ್ತಿಲ್ಲದವರು ಇಲ್ಲಿಗೇ ಓದು ನಿಲ್ಲಿಸಬಹುದು. ನನಗಂತೂ ಪುರುಸೊತ್ತಿಗೆ ಬರವಿಲ್ಲ, ಮುಂದುವರಿಸುತ್ತೇನೆ.

ನನ್ನ ಮುಖ ನಿಮಗೆ ಗೊತ್ತಿರಲಿಕ್ಕಿಲ್ಲ, ಧ್ವನಿ ಗೊತ್ತಿರಬೇಕು. ನಿಮ್ಮದೇ ಆಸ್ಪತ್ರೆಯ ಟೆಲಿಫೋನ್ ಕೋಣೆಯಲ್ಲಿ ಮೂವತ್ತೊಂದು ವರ್ಷ ಆಪರೇಟರ್ ಆಗಿದ್ದವಳು ನಾನು. ನೆಲಮಾಳಿಗೆಯಲ್ಲಿ, ಔಷಧಿ ಉಗ್ರಾಣದ ಪಕ್ಕ, ಕಿಟಕಿಯಿಲ್ಲದ ಕೋಣೆ. ಎರಡು ಕುರ್ಚಿ, ಕರೆ ಜೋಡಿಸುವ ಒಂದು ಬೋರ್ಡು, ಇನ್ನೂರ ನಲವತ್ತು ಒಳಸಂಖ್ಯೆಗಳು. ನಾನು ಒಂದನೇ ಸೀಟು. ಆಗ ನೀವು ಎಳೆಯ ಡಾಕ್ಟರು, ಮೂರನೇ ಮಹಡಿಯ ಪುರುಷರ ವಾರ್ಡಿನಲ್ಲಿದ್ದಿರಿ, ಸಂಖ್ಯೆ ನೂರ ಹದಿನೇಳು. ಯಾರಾದರೂ ಕೇಳಿದರೆ ರೌಂಡ್ಸ್‌ನಲ್ಲಿದ್ದಾರೆ ಅಂದುಬಿಡಿ ಅಕ್ಕಾ ಎಂದು ನೀವು ಕೇಳಿಕೊಂಡಿದ್ದಿರಿ, ನಾನು ಹಾಗೇ ಹೇಳುತ್ತಿದ್ದೆ. ದಿನಕ್ಕೆ ಮೂರು ರೌಂಡ್ಸ್ ಆಗುತ್ತಿತ್ತು ನಿಮ್ಮದು, ಅದರಲ್ಲಿ ಎರಡು ಕ್ಯಾಂಟೀನಿನಲ್ಲಿ. ಹಳೆಯದು ಎಲ್ಲರಿಗೂ ನೆನಪಿರುತ್ತದೆ, ಅದರಿಂದ ಏನೂ ಸಾಬೀತಾಗುವುದಿಲ್ಲ ಎಂದು ನಿಮ್ಮವರು ಹೇಳುತ್ತಾರೆ. ಒಪ್ಪಿದೆ. ಹೊಸದನ್ನೇ ಹೇಳುತ್ತೇನೆ.

ಸೆಪ್ಟೆಂಬರ್ ಹದಿನೆಂಟು. ಬೆಳಿಗ್ಗೆ ಹತ್ತೂಕಾಲು. ಕೊಠಡಿ ಸಂಖ್ಯೆ ಹದಿನಾಲ್ಕು. ಮನೆಯಲ್ಲಿ ಹಾಲಿನ ಪಾತ್ರೆ ಸುಟ್ಟು ಒಂದು ಅನಾಹುತವಾಗಿತ್ತು ಎಂದು ಮಗಳು ನನ್ನನ್ನು ಕರೆತಂದಿದ್ದಳು. ಆ ಹಾಲಿನ ವಿಷಯ ಆಮೇಲೆ ಹೇಳುತ್ತೇನೆ. ಪರೀಕ್ಷೆ ಮಾಡಿದವರು ಚಿಕ್ಕ ವಯಸ್ಸಿನವರು, ಮರ್ಯಾದಸ್ಥರು. ಅಜ್ಜೀ ಎಂದು ಕರೆದರು, ಕುರ್ಚಿ ಎಳೆದುಕೊಟ್ಟರು. ಮೇಜಿನ ಮೇಲೆ ಅಚ್ಚಾದ ಹಾಳೆ, ಇಪ್ಪತ್ತು ಪ್ರಶ್ನೆ. ಪಕ್ಕದಲ್ಲಿ ಮೊಬೈಲು, ಅದರಲ್ಲಿ ಸೆಕೆಂಡು ಎಣಿಸುವ ಗಡಿಯಾರ. ಒಂದೊಂದಕ್ಕೆ ಹತ್ತು ಸೆಕೆಂಡು. ಇಪ್ಪತ್ತೂ ಮುಗಿಯಲು ಏಳು ನಿಮಿಷವೂ ಹಿಡಿಯಲಿಲ್ಲ. ನನ್ನ ಮಗಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಒಬ್ಬೊಬ್ಬ ಗಿರಾಕಿಯ ಕಣ್ಣಿಗೂ ಗಾಜು ಬದಲಿಸಿ ಬದಲಿಸಿ, ಇದು ಚೆನ್ನಾಗಿ ಕಾಣುತ್ತಾ, ಇದಾ, ಹಿಂದಿನದಾ ಎಂದು ಇಪ್ಪತ್ತು ನಿಮಿಷ ಕೇಳುತ್ತಾಳೆ. ಪತ್ರಿಕೆ ಓದಲಿಕ್ಕೆ ಬೇಕಾದ ಕನ್ನಡಕಕ್ಕೆ ಇಪ್ಪತ್ತು ನಿಮಿಷ. ಎಪ್ಪತ್ತು ವರ್ಷದ ತಲೆಗೆ ಏಳು ನಿಮಿಷ ಸಾಕು ಎಂದು ಯಾರು ಲೆಕ್ಕ ಹಾಕಿದರೋ.

ಇವತ್ತು ತಾರೀಕು ಎಷ್ಟು ಎಂದರು. ಹದಿನೇಳೋ ಹದಿನೆಂಟೋ ಎಂದು ನನಗೆ ಅನುಮಾನವಿತ್ತು. ಗೊತ್ತಿಲ್ಲ ಎಂದೆ. ಮೂರು ಪದ ಹೇಳಿ, ಆಮೇಲೆ ಅವನ್ನೇ ತಿರುಗಿ ಹೇಳಿ ಎಂದರು. ಕುರ್ಚಿ, ನದಿ ಎರಡೂ ನೆನಪಿದ್ದವು, ಮೂರನೆಯದು ಬೀಗವೋ ಬೀಗದ ಕೈಯೋ ಖಾತ್ರಿಯಿರಲಿಲ್ಲ. ಗೊತ್ತಿಲ್ಲ ಎಂದೆ. ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಎಂದರು. ತೊಂಬತ್ತಮೂರು ಎಂದು ಮನಸ್ಸಿನಲ್ಲಿ ಬಂತು. ಅಲ್ಲಿಂದ ಬಾಯಿವರೆಗೆ ಬಹಳ ದೂರ ಅನ್ನಿಸಿತು. ಗೊತ್ತಿಲ್ಲ ಎಂದೆ. ಗಡಿಯಾರದ ಚಿತ್ರ ಬರೆದು ನಾಲ್ಕೂವರೆ ತೋರಿಸಿ ಎಂದರು. ದುಂಡಗೆ ಒಂದು ಗೆರೆ ಎಳೆದೆ, ಒಳಗೆ ಅಂಕಿ ಬರೆಯಲು ಕೈ ಏಳಲಿಲ್ಲ. ಅದಕ್ಕೂ ಗೊತ್ತಿಲ್ಲ. ಹೀಗೆ ಹನ್ನೊಂದು ಸಲ. ಉಳಿದ ಒಂಬತ್ತಕ್ಕೆ ಉತ್ತರ ಹೇಳಿದೆ, ಒಂಬತ್ತೂ ಸರಿ. ತಪ್ಪು ಉತ್ತರ ಎಷ್ಟು ಎಂದು ಪರೀಕ್ಷೆ ಮಾಡಿದವರನ್ನೇ ಕೇಳಿ ನೋಡಿ. ಒಂದೂ ಇಲ್ಲ. ಮರೆವಿನವಳಾಗಿದ್ದರೆ ಒಂದಾದರೂ ತಪ್ಪಬೇಡವೇ? ಹೆಸರು ಮರೆತವರು ಇನ್ನೊಂದು ಹೆಸರು ಹೇಳುತ್ತಾರೆ, ಮನೆ ಮರೆತವರು ಪಕ್ಕದ ಮನೆ ಬಾಗಿಲು ತಟ್ಟುತ್ತಾರೆ. ಬಾಯಿಗೆ ಬಂದದ್ದು ಏನೂ ಹೇಳದೆ, ಒಂದೂ ತಪ್ಪು ಹೇಳದೆ, ಗೊತ್ತಿಲ್ಲ ಗೊತ್ತಿಲ್ಲ ಎನ್ನುತ್ತಾ ಕೂತ ಮುದುಕಿಯನ್ನು ನೋಡಿ ಯಾರಿಗೂ ಒಂದು ಸಣ್ಣ ಸಂಶಯವೂ ಬರಲಿಲ್ಲವೇ? ಬರಲಿಲ್ಲ. ನಮೂನೆಯಲ್ಲಿ ಗೊತ್ತಿಲ್ಲ ಎಂಬುದಕ್ಕೂ ತಪ್ಪು ಎಂಬುದಕ್ಕೂ ಒಂದೇ ಚೌಕ.

ನಾನು ಯಾಕೆ ಹಾಗೆ ಎಂದೆ ಎಂಬುದಕ್ಕೆ ಅರ್ಧ ಕಾರಣ ನಿಮ್ಮ ಆಸ್ಪತ್ರೆಯೇ. ಕೆಲಸಕ್ಕೆ ಸೇರಿದ ಮೊದಲ ತಿಂಗಳು. ಶಸ್ತ್ರಚಿಕಿತ್ಸೆ ಕೋಣೆಯಿಂದ ರಕ್ತದ ಉಗ್ರಾಣ ಕೊಡಿ ಎಂದರು. ಸಂಖ್ಯೆ ಅರವತ್ತಮೂರೋ ಮೂವತ್ತಾರೋ ಎಂದು ಗೊಂದಲವಾಯಿತು. ಕೇಳಲು ನಾಚಿಕೆ. ಊಹೆಯ ಮೇಲೆ ಮೂವತ್ತಾರಕ್ಕೆ ಜೋಡಿಸಿದೆ. ಅದು ಬಟ್ಟೆ ಒಗೆಯುವ ವಿಭಾಗ, ಅಲ್ಲಿ ಯಾರೋ ರಿಸೀವರ್ ಎತ್ತಿಟ್ಟು ಹೋಗಿದ್ದರು. ರಕ್ತ ಇಪ್ಪತ್ತು ನಿಮಿಷ ತಡವಾಗಿ ಹೋಯಿತು. ರೋಗಿ ಬದುಕಿದರು, ಅದು ನನ್ನ ಪುಣ್ಯ. ಆಗ ನಮಗೆ ಹಿರಿಯರಾಗಿದ್ದವರನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದೆವು. ಅವರು ನನ್ನನ್ನು ಬೈಯಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಮೆಲ್ಲಗೆ ಹೇಳಿದರು.

“ಗೊತ್ತಿಲ್ಲ ಅಂದ್ರೆ ಬೈಗುಳ ಬೀಳುತ್ತೆ, ಅಷ್ಟೇ. ಊಹೆ ಮಾಡಿ ಹೇಳಿದ್ರೆ ಹೆಣ ಬೀಳುತ್ತೆ.”

ಅವತ್ತಿನಿಂದ ಖಾತ್ರಿಯಿಲ್ಲದ್ದನ್ನು ನಾನು ಹೇಳಿದವಳಲ್ಲ. ಮನೆಯಲ್ಲೂ ಇಲ್ಲ. ಕೊಠಡಿ ಹದಿನಾಲ್ಕರಲ್ಲೂ ಇಲ್ಲ. ಮೂವತ್ತೊಂದು ವರ್ಷ ಈ ಒಂದು ಗುಣಕ್ಕೆ ಸಂಬಳ ಕೊಟ್ಟವರು ನೀವು, ಕೊನೆಗೆ ಅದೇ ಗುಣಕ್ಕೆ ಕಾಯಿಲೆಯ ಹೆಸರು ಕೊಟ್ಟವರೂ ನೀವು.

ಇನ್ನರ್ಧ ಕಾರಣ ಬೇರೆ. ಅದನ್ನು ಬರೆಯುವುದಕ್ಕೇ ಈ ಪತ್ರ ನಾಲ್ಕು ದಿನ ಹಿಡಿದಿದೆ. ದಿನಕ್ಕೊಂದು ಪುಟ ಬರೆಯುತ್ತೇನೆ, ಅಷ್ಟರಲ್ಲಿ ದಣಿವಾಗುತ್ತದೆ.

ನನ್ನ ಪಕ್ಕದ ಕುರ್ಚಿಯಲ್ಲಿ ಇಪ್ಪತ್ತಾರು ವರ್ಷ ಕೂತವಳೊಬ್ಬಳಿದ್ದಳು. ಎರಡನೇ ಸೀಟು. ಹೆಸರು ಹಿಡಿದು ನಾವು ಕರೆದುಕೊಂಡದ್ದು ಕಡಿಮೆ. ಏನೇ ಎರಡು, ಏನೇ ಒಂದು, ಹೀಗೆ. ಒಂದೇ ಬುತ್ತಿಯಲ್ಲಿ ತಿಂದಿದ್ದೇವೆ, ಒಂದೇ ಶಾಲು ಹೊದ್ದಿದ್ದೇವೆ, ಒಬ್ಬರ ಹೆರಿಗೆಗೆ ಇನ್ನೊಬ್ಬರು ಎರಡು ಪಾಳಿ ಮಾಡಿದ್ದೇವೆ. ಒಂದು ಸಲ ಒಂದೂವರೆ ತಿಂಗಳು ಮಾತು ಬಿಟ್ಟಿದ್ದೂ ಉಂಟು, ಯಾಕೆ ಎಂದು ಇಬ್ಬರಿಗೂ ಆಮೇಲೆ ನೆನಪಾಗಲಿಲ್ಲ. ಬೋರ್ಡು ಕಿತ್ತುಹಾಕಿ ಯಂತ್ರ ತಂದ ವರ್ಷ ಇಬ್ಬರೂ ನಿವೃತ್ತರಾದೆವು. ಅವಳ ಮನೆ ಪಟ್ಟಣದ ಆ ಕೊನೆ, ನನ್ನದು ಈ ಕೊನೆ. ಅಲ್ಲಿಂದ ಮುಂದೆ ದಿನಾ ಬೆಳಿಗ್ಗೆ ಏಳಕ್ಕೆ ಅವಳ ಫೋನು. ಎದ್ಯಾ ಎನ್ನುತ್ತಾಳೆ, ಎದ್ದೆ ಎನ್ನುತ್ತೇನೆ. ಮೊಣಕಾಲು ಹೇಗಿದೆ, ಇದೆ. ಇಡಲಾ, ಇಡು. ಅಷ್ಟೇ ಮಾತು. ಆ ಅಷ್ಟರ ಮೇಲೆ ನನ್ನ ದಿನ ನಿಂತಿತ್ತು ಎಂದು ನನಗೂ ಗೊತ್ತಿರಲಿಲ್ಲ. ಹೋದ ವರ್ಷ ಮಾರ್ಚ್ ಹನ್ನೊಂದು, ಮಂಗಳವಾರ, ಏಳಕ್ಕೆ ಫೋನು ಬರಲಿಲ್ಲ. ಏಳೂ ಹತ್ತಕ್ಕೆ ಬಂತು. ಅವಳ ಸೊಸೆ ಮಾತಾಡಿದಳು.

ಯಜಮಾನರು ತೀರಿಕೊಂಡಾಗ ಮನೆ ತುಂಬ ಜನ ಇದ್ದರು. ಊಟ ಮಾಡು ಎನ್ನಲು ಒಬ್ಬರು, ಮಲಗು ಎನ್ನಲು ಒಬ್ಬರು. ಅತ್ತು ಅತ್ತು ಆ ದುಃಖದಿಂದ ಹೊರಗೆ ಬಂದೆ. ಎರಡನೇ ಸೀಟು ಹೋದಾಗ ನನ್ನನ್ನು ನೋಡಲು ಯಾರೂ ಬರಲಿಲ್ಲ. ಯಾಕೆ ಬರಬೇಕು? ಅವಳು ನನಗೇನೂ ಆಗಬೇಕಾಗಿರಲಿಲ್ಲ. ಅಕ್ಕನಲ್ಲ, ತಂಗಿಯಲ್ಲ, ಬೀಗಿತ್ತಿಯಲ್ಲ. ಪಕ್ಕದ ಕುರ್ಚಿಯವಳು. ಪಕ್ಕದ ಕುರ್ಚಿಯವರು ಸತ್ತರೆ ಎಷ್ಟು ದಿನ ಅಳಬಹುದು ಎಂದು ಯಾರೂ ನಿಗದಿ ಮಾಡಿಲ್ಲ, ಹಾಗಾಗಿ ನಾನೂ ಅಳಲಿಲ್ಲ. ಆಮೇಲೆ ಅಳಬೇಕೆಂದರೂ ಬರಲಿಲ್ಲ. ದುಃಖ ಎಂದರೆ ಕಣ್ಣೀರು ಎಂದು ಎಲ್ಲರೂ ತಿಳಿದಿದ್ದಾರೆ. ಕಣ್ಣೀರು ಬಂದಿದ್ದರೆ ಯಾರಾದರೂ ಒರೆಸುತ್ತಿದ್ದರು. ನನಗೆ ಏನೂ ಬರಲಿಲ್ಲ. ಹಸಿವಾಗಿದೆ ಎಂದು ತಿಳಿಯುತ್ತದೆ, ಆದರೆ ಅದು ಬೇರೆ ಯಾರದೋ ಹಸಿವು ಅನ್ನಿಸುತ್ತದೆ. ಬೆಳಗಾಗಿದೆ ಎಂದು ತಿಳಿಯುತ್ತದೆ, ಯಾಕೆ ಆಯಿತು ಎಂದು ತಿಳಿಯುವುದಿಲ್ಲ. ಬಾಚಣಿಗೆ ಕೈಗೆ ತೆಗೆದುಕೊಂಡು ಅರ್ಧ ಗಂಟೆ ಕೂತಿರುತ್ತೇನೆ. ತಲೆ ಬಾಚಿಕೊಂಡು ಆಗಬೇಕಾದ್ದು ಏನಿದೆ ಎಂದು ಅದನ್ನು ಅಲ್ಲೇ ಇಡುತ್ತೇನೆ. ಓದಿದ್ದು ತಲೆಗೆ ಇಳಿಯುವುದಿಲ್ಲ, ಒಂದೇ ಸಾಲನ್ನು ನಾಲ್ಕು ಸಲ ಓದುತ್ತೇನೆ. ಕೆಳಗಿನ ಮನೆಯ ದರ್ಜಿಯ ಹೆಸರು ಒಂದು ದಿನ ನಿಜವಾಗಿಯೂ ಮರೆತುಹೋಯಿತು. ಇದನ್ನೂ ಬರೆದುಬಿಡುತ್ತೇನೆ. ನನ್ನ ನೆನಪು ಮೊದಲಿನಂತೆ ಚುರುಕಾಗಿದೆ ಎಂದು ನಾನು ಸಾಧಿಸುತ್ತಿಲ್ಲ. ಮನಸ್ಸು ಕೆಲಸ ನಿಲ್ಲಿಸಿದರೆ ನೆನಪು ಒಂದೇ ಎಷ್ಟು ದಿನ ದುಡಿದೀತು? ಯಾವುದರಿಂದ ಯಾವುದು ಎಂದು ವಿಚಾರಿಸಿ ಎನ್ನುತ್ತಿದ್ದೇನೆ, ಅಷ್ಟೇ.

ಇದನ್ನೆಲ್ಲ ಮೊದಲೇ ಡಾಕ್ಟರಿಗೆ ಯಾಕೆ ಹೇಳಲಿಲ್ಲ ಎಂದು ಕೇಳುತ್ತೀರಿ. ಹೇಳಿದೆನಲ್ಲ. ನಿದ್ದೆ ಬರುವುದಿಲ್ಲ ಎಂದೆ, ಮಾತ್ರೆ ಬರೆದರು. ಮೈಕೈ ನೋವು ಎಂದೆ, ಮುಲಾಮು ಬರೆದರು. ಬಾಯಿಗೆ ರುಚಿಯಿಲ್ಲ ಎಂದೆ, ಟಾನಿಕ್ಕು ಬರೆದರು. ಒಬ್ಬೊಬ್ಬರೂ ಕೊನೆಗೆ ಹೇಳಿದ್ದು ಒಂದೇ ಮಾತು, ವಯಸ್ಸಾಯ್ತಲ್ಲಮ್ಮ. ಮನಸ್ಸಿಗೆ ಹೇಗಿದೆ ಎಂದು ಒಬ್ಬರೂ ಕೇಳಲಿಲ್ಲ. ಅರವತ್ತಕ್ಕೆ ಅರಳುಮರಳು ಎಂದು ಗಾದೆಯೇ ಇದೆ. ಗಾದೆಗೆ ವಿದ್ಯಾರ್ಹತೆ ಬೇಡ, ಆಡಿದವರು ಆಡಿಕೊಳ್ಳಲಿ. ಅದನ್ನೇ ಅಚ್ಚು ಹಾಕಿಸಿ, ಮೊಹರು ಒತ್ತಿ ಕೊಡುವುದಕ್ಕೆ ಅಷ್ಟು ವರ್ಷ ಓದಬೇಕಿತ್ತೇ? ಇಪ್ಪತ್ತೈದರ ಹುಡುಗಿ ಒಂದೂವರೆ ವರ್ಷ ನಗದೆ, ಉಣ್ಣದೆ, ಗೋಡೆ ನೋಡುತ್ತಾ ಕೂತರೆ ನೀವೇ ಓಡಿಬಂದು ಏನಾಯ್ತಮ್ಮ ಎಂದು ಕೇಳುತ್ತೀರಿ. ಎಪ್ಪತ್ತರವಳು ಕೂತರೆ ಗೋಡೆಯನ್ನೂ ಅವಳನ್ನೂ ಒಟ್ಟಿಗೆ ಹಾಗೇ ಬಿಡುತ್ತೀರಿ.

ಈಗ ಹಾಲಿನ ವಿಷಯ. ಆಗಸ್ಟ್ ತಿಂಗಳು, ಬೆಳಿಗ್ಗೆ ಎಂಟೂವರೆ. ಮಗಳು ಸ್ನಾನಕ್ಕೆ ಹೋಗಿದ್ದಳು, ನಾನು ಒಲೆಯ ಮೇಲೆ ಹಾಲಿಟ್ಟು ಎದುರಿಗೇ ನಿಂತಿದ್ದೆ. ಹಾಲು ಕಾಯಿತು. ಉಕ್ಕಿತು. ಉಕ್ಕಿ ಹರಿದು ಪಾತ್ರೆಯಲ್ಲಿ ಉಳಿದದ್ದು ಸೀಯತೊಡಗಿತು. ಪಕ್ಕದಲ್ಲಿದ್ದ ಒರೆಸುವ ಬಟ್ಟೆಯ ಅಂಚಿಗೆ ಬೆಂಕಿ ಕೆಂಪಗೆ ಹತ್ತಿಕೊಂಡಿತು. ಒಲೆಯ ಗುಂಡಿಗೂ ನನ್ನ ಕೈಗೂ ಒಂದು ಗೇಣು ದೂರ. ಆರಿಸಬೇಕು ಎಂದು ನನಗೆ ಗೊತ್ತಿತ್ತು. ಆರಿಸದಿದ್ದರೆ ಏನಾಗುತ್ತದೆ ಎಂದೂ ಗೊತ್ತಿತ್ತು. ಕೈ ಹೋಗಲಿಲ್ಲ. ಹೋಗು ಎಂದು ನಾನು ಅದಕ್ಕೆ ಹೇಳಲೂ ಇಲ್ಲ. ನೋಡುತ್ತಾ ನಿಂತಿದ್ದೆ. ವಾಸನೆಗೆ ಮಗಳು ತಲೆಯಲ್ಲಿ ಸೋಪಿನ ನೊರೆ ಸಮೇತ ಓಡಿಬಂದು, ಗುಂಡಿ ತಿರುಗಿಸಿ, ಬಟ್ಟೆಯನ್ನು ತೊಟ್ಟಿಗೆ ಎಸೆದು ನೀರು ಬಿಟ್ಟಳು. ಗ್ಯಾಸ್ ಆರಿಸೋದು ಮರೆತುಬಿಟ್ಯಾ ಅಮ್ಮ ಎಂದಳು. ಹೂಂ ಎಂದೆ. ಊಹೆ ಮಾಡಿ ಹೇಳಬಾರದು ಎಂದು ಮೂವತ್ತೊಂದು ವರ್ಷ ಪಾಲಿಸಿದವಳು ಅವತ್ತು ಗೊತ್ತಿದ್ದೂ ಸುಳ್ಳು ಹೇಳಿದೆ. ಮರೆತೆ ಎನ್ನುವುದು ಸುಲಭವಾಗಿತ್ತು. ನಿಂತು ನೋಡಿದೆ ಎಂದು ಮಗಳಿಗೆ ಹೇಗೆ ಹೇಳುವುದು? ನಿಮ್ಮ ನಮೂನೆಯಲ್ಲಿ ‘ಒಲೆ ಆರಿಸಲು ಮರೆಯುತ್ತಾರೆ’ ಎಂಬ ಸಾಲಿನ ಮುಂದೆ ಗುರುತು ಬಿದ್ದದ್ದು ಆ ಒಂದು ಹೂಂನಿಂದ. ಆ ತಪ್ಪು ನಿಮ್ಮದಲ್ಲ, ನನ್ನದು.

ಎತ್ತು ಈಯ್ತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಹಾಗೆ, ಪ್ರಮಾಣಪತ್ರ ಬಂದ ಕೂಡಲೇ ಮುಂದಿನದೆಲ್ಲ ತಾನಾಗಿ ಆಯಿತು. ಒಬ್ಬರನ್ನೇ ಹೊರಗೆ ಬಿಡಬಾರದು, ಒಲೆಯ ಬಳಿ ಬಿಡಬಾರದು, ಕಾಗದಪತ್ರಗಳಿಗೆ ಸಹಿ ತೆಗೆದುಕೊಳ್ಳಬಾರದು, ದೀರ್ಘವಾಸ ವಿಭಾಗಕ್ಕೆ ಶಿಫಾರಸು. ಮಗಳು ಬಡಗಿಯನ್ನು ಕರೆಸಿ ಬಾಗಿಲಿಗೆ ಹೊರಗಡೆಯಿಂದ ಚಿಲಕ ಹಾಕಿಸಿದಳು. ಬಡಗಿ ಯಾಕಮ್ಮ ಹೊರಗಡೆ ಎಂದು ಕೇಳಿದ. ಅವಳು ಮೆಟ್ಟಿಲ ಮೇಲೆ ನಿಂತು ಮೂಗು ಒರೆಸಿಕೊಂಡಳು. ಅವಳನ್ನು ನಾನು ದೂರುವುದಿಲ್ಲ. ಮನೆಯಲ್ಲಿ ಇರುವವರು ನಾವಿಬ್ಬರೇ, ಅವಳು ಬೆಳಿಗ್ಗೆ ಒಂಬತ್ತೂವರೆಗೆ ಹೋದರೆ ಬರುವುದು ಸಂಜೆ ಏಳಕ್ಕೆ. ಮಧ್ಯೆ ಮೂರು ಸಲ ಫೋನು ಮಾಡುತ್ತಾಳೆ. ಬೆಂಕಿ ಕಣ್ಣಾರೆ ಕಂಡವಳು, ಕೈಯಲ್ಲಿ ದೊಡ್ಡಾಸ್ಪತ್ರೆಯ ಮೊಹರಿರುವ ಕಾಗದ. ಅವಳ ಜಾಗದಲ್ಲಿ ನಾನಿದ್ದರೂ ಚಿಲಕ ಹಾಕಿಸುತ್ತಿದ್ದೆ. ದಿನವೂ ಹಾಕುವಾಗ, ಬರ್ತೀನಮ್ಮ ಎಂದು ಎರಡೆರಡು ಸಲ ಹೇಳುತ್ತಾಳೆ. ಚಿಲಕದ ಸದ್ದು ನನಗೆ ಕೇಳಿಸಬಾರದು ಎಂದಿರಬೇಕು.

ಅಕ್ಟೋಬರಿನಲ್ಲಿ ಕಿವಿ ತೋರಿಸಲು ಕರೆದುಕೊಂಡು ಹೋದಳು. ಕರೆದರೆ ಅಮ್ಮ ಓಗೊಡುವುದಿಲ್ಲ, ಕಿವಿಯೂ ಹೋಗಿರಬೇಕು ಎಂದು. ನಿಮ್ಮ ಶ್ರವಣ ವಿಭಾಗದ ಪರೀಕ್ಷಕಿ ತಲೆಗೆ ಹೆಡ್‌ಫೋನು ಹಾಕಿ, ಸದ್ದು ಕೇಳಿದಾಗೆಲ್ಲ ಗುಂಡಿ ಒತ್ತಿ ಎಂದರು. ಹೆಡ್‌ಫೋನು ತಲೆಗೇರಿದ್ದು ಹತ್ತು ವರ್ಷದ ಮೇಲೆ. ಒಂದು ಸದ್ದೂ ತಪ್ಪಲಿಲ್ಲವಂತೆ. ಮಗಳನ್ನು ಹೊರಗೆ ಕೂರಿಸಿ ಬಂದು ಅವರು ಕೇಳಿದರು.

“ಕಿವಿ ನನ್ನದಕ್ಕಿಂತ ಚೆನ್ನಾಗಿದೆ. ಮತ್ತೆ ಮಗಳು ಕರೆದ್ರೆ ಓ ಅನ್ನಲ್ವಂತೆ, ಯಾಕಮ್ಮ?”

“ಓ ಅಂದ್ರೆ ಮುಂದಕ್ಕೆ ಮಾತಾಡ್ಬೇಕಾಗುತ್ತೆ.”

ಅವರು ನಗಲಿಲ್ಲ. ಯಾವಾಗಿನಿಂದ ಹೀಗೆ ಎಂದರು. ಮಾರ್ಚ್ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಏಳೂ ಹತ್ತರಿಂದ ಎಂದೆ. ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ಹೊರಗೆ ಆರು ಜನ ಕಾಯುತ್ತಿದ್ದರೂ ನನಗೆ ಒಂದು ಲೋಟ ನೀರು ಕೊಟ್ಟು ಎದುರಿಗೆ ಕೂತರು. ನಾನು ಎರಡನೇ ಸೀಟಿನ ವಿಷಯ ಹೇಳಿದೆ. ಹೇಳುವಾಗಲೂ ಅಳು ಬರಲಿಲ್ಲ, ಬೇರೆ ಯಾರದೋ ಕಥೆಯಂತೆ ಹೇಳಿ ಮುಗಿಸಿದೆ. ಅವರು ನನ್ನ ಚೀಟಿಯ ಹಿಂದೆ ಹೀಗೆ ಬರೆದರು: ರೋಗಿಯು ದಿನ, ವಾರ, ವೇಳೆಯನ್ನು ನಿಖರವಾಗಿ ಹೇಳುತ್ತಾರೆ, ಮರೆವಿಗಿಂತ ಖಿನ್ನತೆಯ ಲಕ್ಷಣ ಹೆಚ್ಚು ಕಾಣುತ್ತದೆ, ಖಿನ್ನತೆಗೆ ಚಿಕಿತ್ಸೆ ಕೊಟ್ಟು ನೆನಪನ್ನು ಮತ್ತೆ ಪರೀಕ್ಷಿಸುವುದು ಒಳಿತು. ಖಿನ್ನತೆಗೆ ಚಿಕಿತ್ಸೆ ಇದೆ, ಈ ವಯಸ್ಸಿನಲ್ಲೂ ಗುಣವಾಗುತ್ತದೆ, ಅದು ಗುಣವಾದರೆ ನೆನಪೂ ಎಷ್ಟೋ ತಿಳಿಯಾಗಬಹುದು ಎಂದೂ ಬಾಯಲ್ಲಿ ಹೇಳಿದರು. ನನ್ನ ಕಾಯಿಲೆಗೆ ಒಂದು ಹೆಸರಿದೆ ಎಂದು ನಾನು ಕೇಳಿದ್ದು ಅದೇ ಮೊದಲು.

ಆ ಚೀಟಿಯನ್ನು ಲಗತ್ತಿಸಿ ಮರುಪರೀಕ್ಷೆಗೆ ನಿಮಗೆ ಅರ್ಜಿ ಬರೆದೆ. ಮಗಳು ಬೇಡಮ್ಮ, ಸುಮ್ಮನೆ ಆಸೆ ಇಟ್ಕೋಬೇಡ ಎಂದಳು, ಆದರೂ ತಲುಪಿಸಿದಳು. ಒಂಬತ್ತನೇ ದಿನಕ್ಕೆ ಉತ್ತರ ಬಂತು, ಅಷ್ಟು ಬೇಗ ನಿಮ್ಮ ಕಚೇರಿ ಯಾರಿಗೂ ಉತ್ತರಿಸಿದ್ದು ನನ್ನ ಕಾಲದಲ್ಲಿ ಇಲ್ಲ. ಮೂರು ಸಾಲು. ಒಂದು, ಪರೀಕ್ಷೆಯಾದ ಒಂದು ವರ್ಷದೊಳಗೆ ಮರುಪರೀಕ್ಷೆಗೆ ಅವಕಾಶವಿಲ್ಲ. ಎರಡು, ಶ್ರವಣ ವಿಭಾಗದ ಟಿಪ್ಪಣಿಯು ಸದರಿ ವಿಭಾಗದ ಅಧಿಕಾರವ್ಯಾಪ್ತಿಯ ಹೊರಗಿರುತ್ತದೆ. ಮೂರು, ಪ್ರಮಾಣಪತ್ರದ ಪ್ರಕಾರ ಸಹಿ ಮಾಡಲು ಅರ್ಹರಲ್ಲದ ವ್ಯಕ್ತಿಯೇ ಸಹಿ ಮಾಡಿರುವುದರಿಂದ ಅರ್ಜಿಯು ಸಿಂಧುವಲ್ಲ. ಅಂದರೆ ಏನಾಯಿತು? ನಾನು ಸರಿಯಾಗಿದ್ದೇನೆ ಎಂದು ಹೇಳಲು ನಾನು ಸರಿಯಾಗಿದ್ದೇನೆ ಎಂದು ಮೊದಲು ನೀವು ಹೇಳಬೇಕು. ನೀವು ಹೇಳಬೇಕಾದರೆ ನಾನು ಅರ್ಜಿ ಹಾಕಬೇಕು. ಇನ್ನು ಶ್ರವಣ ವಿಭಾಗದಾಕೆ ಮಾಡಿದ ಅಪರಾಧವೇನು? ಕಿವಿ ನೋಡಿ ಎಂದು ಕೂರಿಸಿದರೆ ಆಕೆ ಕೇಳಿಸಿಕೊಂಡರು. ಕೇಳಿಸಿಕೊಳ್ಳುವ ಅಧಿಕಾರ ನಿಮ್ಮಲ್ಲಿ ಯಾವ ವಿಭಾಗಕ್ಕಿದೆ, ತಿಳಿಸಿ. ಬೋರ್ಡಿನಲ್ಲಿ ಕೂತಿದ್ದಷ್ಟು ಕಾಲ ಅಂಥ ವಿಭಾಗಕ್ಕೆ ಜೋಡಿಸಿ ಎಂದು ಯಾರೂ ಕೇಳಿರಲಿಲ್ಲ.

ಇಷ್ಟು ಬರೆದು ಮುಗಿಸಿದ್ದೆ. ಅರ್ಜಿಗಾದ ಗತಿ ಇದಕ್ಕೂ ಆಗಬಾರದು, ಪತ್ರಿಕೆಯ ಕಚೇರಿಗೂ ಒಂದು ಪ್ರತಿ ಕೊಟ್ಟು ಬಾ ಎಂದು ಭಾನುವಾರ ಮಧ್ಯಾಹ್ನ ಮಗಳ ಕೈಗೆ ಕೊಟ್ಟೆ, ಕೊಡುವ ಮೊದಲು ಓದು ಎಂದೆ. ಫ್ರಿಜ್ಜಿಗೆ ಒರಗಿ ನಿಂತು ಓದಲು ಶುರು ಮಾಡಿದಳು. ಕ್ಯಾಂಟೀನಿನ ರೌಂಡ್ಸಿಗೆ ಸ್ವಲ್ಪ ನಕ್ಕಳು. ಹಾಲಿನ ಜಾಗಕ್ಕೆ ಬಂದಾಗ ನಗು ಹೋಯಿತು. ಕುರ್ಚಿ ಎಳೆದುಕೊಂಡು ಕೂತು ಆ ಪುಟವನ್ನು ಇನ್ನೊಮ್ಮೆ ಓದಿದಳು.

“ಅಮ್ಮಾ, ಆವತ್ತು ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಬಟ್ಟೆಗೆ ಹತ್ತಿಕೊಂಡಿದ್ದೂ?”

“ನೋಡ್ತಾ ಇದ್ದೆ.”

ಅವಳು ಪುಟಗಳನ್ನು ಜೋಡಿಸಿ ಮಡಿಲಲ್ಲಿಟ್ಟುಕೊಂಡಳು. ಆಮೇಲೆ, “ಮರೆವೇ ಆಗಿದ್ರೆ ಎಷ್ಟೋ ವಾಸಿ ಇತ್ತಮ್ಮ,” ಎಂದಳು.

ಅವಳು ಹೇಳಿದ್ದು ನನಗೆ ಅರ್ಥವಾಯಿತು. ಮರೆವು ಬಂದರೆ ಅದು ಯಾರ ತಪ್ಪೂ ಅಲ್ಲ, ಚಿಲಕ ಹಾಕಿಸಿದರೆ ಮುಗಿಯಿತು. ಹೆತ್ತವಳು ಬದುಕಿನ ಮೇಲೆ ಕೈಬಿಟ್ಟು ಬೆಂಕಿಯೆದುರು ನಿಂತಿದ್ದಳು, ಹತ್ತು ಹೆಜ್ಜೆ ಆಚೆ ಬಚ್ಚಲಿನಲ್ಲಿ ತಾನಿದ್ದೆ ಎಂಬುದನ್ನು ಮಗಳು ಎಲ್ಲಿಡಬೇಕು? ಆ ಮಧ್ಯಾಹ್ನವೆಲ್ಲ ಅವಳು ಅಡುಗೆಮನೆಯಲ್ಲೇ ಇದ್ದಳು. ತೊಳೆದಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದಳು. ಸಂಜೆ ಹೊತ್ತಿಗೆ ಬಂದು ಮಂಚದ ಅಂಚಿಗೆ ಕೂತು, ಎರಡನೇ ಸೀಟು ಅಂದ್ರೆ ಬೆಳಿಗ್ಗೆ ಫೋನ್ ಮಾಡ್ತಿದ್ರಲ್ಲ ಅವರಾ, ಅವರು ಹೋದಾಗ ನಂಗ್ಯಾಕೆ ಹೇಳಲಿಲ್ಲ ಎಂದು ಕೇಳಿದಳು. ಹೇಳಿದ್ದೆ ಎಂದೆ. ಅಯ್ಯೋ ಪಾಪ ಅಂದೆ ನೀನು, ಅಂಗಡಿಗೆ ಹೊತ್ತಾಯ್ತು ಅಂತ ಹೋದೆ. ತಪ್ಪೇನಿಲ್ಲ, ಹೊತ್ತಾಗಿತ್ತು. ಅವಳು ನನ್ನ ಪಾದ ಹಿಡಿದುಕೊಂಡು ಕೂತಳು, ತಣ್ಣಗಿದೆ ಎಂದು ಉಜ್ಜಿದಳು. ಅವಳು ಅತ್ತಳು. ನಾನು ಅವಳ ತಲೆಯ ಮೇಲೆ ಕೈಯಿಟ್ಟೆ. ಇಡಬೇಕು ಎಂದು ಗೊತ್ತಿದ್ದದ್ದರಿಂದ ಇಟ್ಟೆ.

ಸೋಮವಾರ ಅವಳು ಅಂಗಡಿಗೆ ರಜೆ ಹಾಕಿ ನಿಮ್ಮ ಕಚೇರಿಗೆ ಹೋಗಿ ಮರುಪರೀಕ್ಷೆಯ ನಮೂನೆ ತಂದಳು. ಪೋಷಕರ ಸಹಿ ಎಂಬಲ್ಲಿ ಸಹಿ ಮಾಡಿದಳು. ಕೆಳಗೆ, ಮರುಪರೀಕ್ಷೆ ಕೋರಲು ಕಾರಣ ಎಂದು ಒಂದೂವರೆ ಸಾಲು ಜಾಗವಿತ್ತು. ಏನು ಬರೀಲಿ ಎಂದು ನನ್ನನ್ನು ಕೇಳಿದಳು, ನಿನಗೆ ತೋಚಿದ್ದು ಬರಿ ಎಂದೆ. ಪೆನ್ನು ಕಚ್ಚಿಕೊಂಡು ಕೂತಿದ್ದು ಆಮೇಲೆ ಬರೆದಳು. ‘ಅಮ್ಮನಿಗೆ ಇರುವುದು ಮರೆವಲ್ಲ, ದುಃಖ. ನಾನು ಕೇಳಿರಲಿಲ್ಲ.’ ಅದನ್ನು ಓದಿ ನನಗೆ ಅಳು ಬರಬೇಕಿತ್ತು. ಬರಲಿಲ್ಲ. ಬರಬೇಕಿತ್ತು ಎಂದು ಅನ್ನಿಸಿತು, ಅಷ್ಟೇ. ಒಂದೂವರೆ ವರ್ಷದಲ್ಲಿ ಅಷ್ಟಾದರೂ ಅನ್ನಿಸಿದ್ದು ಅದೇ ಮೊದಲು.

ಆ ಅರ್ಜಿ ಈ ಪತ್ರದ ಜೊತೆ ನಿಮ್ಮ ಮೇಜಿಗೆ ಬರುತ್ತದೆ. ಸಹಿ ಈ ಸಲ ಸಿಂಧುವಾಗಿದೆ. ಒಂದು ವರ್ಷದ ನಿಯಮ ಬರೆದವರು ಮನುಷ್ಯರೇ ತಾನೇ, ಸಡಿಲಿಸಿ. ಒಂದನೇ ತಾರೀಕಿಗೆ ಮುಂಚೆ ಯಾರನ್ನಾದರೂ ಕಳುಹಿಸಿ, ಅಥವಾ ನನ್ನನ್ನು ಕರೆಸಿಕೊಳ್ಳಿ. ಕೈಯಲ್ಲಿ ಗಡಿಯಾರ ಹಿಡಿಯದವರಾಗಿರಲಿ. ತಾರೀಕು ಕೇಳುವ ಮೊದಲು ಹೇಗಿದ್ದೀರಿ ಎಂದು ಕೇಳಲಿ, ಕೇಳಿ ಸ್ವಲ್ಪ ಹೊತ್ತು ಕಾಯಲಿ. ನನಗೊಬ್ಬಳಿಗೇ ಅಲ್ಲ, ಆ ಕೊಠಡಿಯ ಹೊರಗೆ ಬೆಂಚಿನ ಮೇಲೆ ಕೂತ ಎಲ್ಲರಿಗೂ ಹಾಗೇ ಮಾಡಲಿ. ಗೊತ್ತಿಲ್ಲ ಎನ್ನುವವರಿಗೆ ನಿಮ್ಮ ನಮೂನೆಯಲ್ಲಿ ಬೇರೆ ಚೌಕ ಹಾಕಿಸಿ. ಅದರ ಪಕ್ಕ, ಯಾಕೆ ಎಂದು ಬರೆಯಲು ಒಂದು ಸಾಲು ಜಾಗ ಬಿಡಿ.

ಗುಣವಾಗಬೇಕೆಂದು ನನಗೆ ಬಹಳ ಆಸೆಯಿದೆ ಎಂದು ಬರೆದರೆ ಅರ್ಜಿಗೆ ಬಲ ಬರುತ್ತದೆ ಎಂದು ಮಗಳು ಹೇಳಿದಳು. ಬರೆಯುವುದಿಲ್ಲ, ಸುಳ್ಳಾಗುತ್ತದೆ. ಆಸೆ ಎನ್ನುವುದೇ ನನ್ನಲ್ಲಿ ಈಗ ಇಲ್ಲ. ಅದಕ್ಕೇ ಮದ್ದು ಕೇಳುತ್ತಿರುವುದು.

ಇಂತಿ,
ಒಂದನೇ ತಾರೀಕಿನ ಬೆಳಿಗ್ಗೆ ಹತ್ತರವರೆಗೆ ಈ ವಿಳಾಸದಲ್ಲೇ ಸಿಗುವ,
ನಿಮ್ಮ ಹಳೆಯ ಒಂದನೇ ಸೀಟು